ಮಾವನಿಗೆ ಬರುತ್ತಿದ್ದ ಒಂದೆಲಗ

ಬಾಗಿಲ ಪಕ್ಕದಲ್ಲಿ ಚೀಲವೊಂದು ಕೂತಿದೆ. ಬಿಚ್ಚುವ ಮೊದಲೇ ವಾಸನೆ ಹೇಳಿತು, ಒಂದೆಲಗ. ಬೇರಿಗೆ ಗದ್ದೆ ಬದುವಿನ ಮಣ್ಣು ಇನ್ನೂ ಹಸಿಯಾಗಿ ಅಂಟಿಕೊಂಡಿದೆ. ಬೇರೆಯವರ ಮನೆಗೆ ಈ ಸೊಪ್ಪು ಬಂದರೆ ಚಟ್ನಿಯಾಗುತ್ತದೆ, ತಂಬುಳಿಯಾಗುತ್ತದೆ. ನಮ್ಮ ಮನೆಗೆ ಬಂದರೆ ಮೊದಲು ನನ್ನ ಮುಖ ಬಿಸಿಯಾಗುತ್ತದೆ. ಯಾಕೆಂದು ಹೇಳಲು ಕಂಪ್ಯೂಟರಿನಿಂದ ಶುರುಮಾಡಬೇಕು. ಸೊಪ್ಪಿಗೂ ಕಂಪ್ಯೂಟರಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ಕೂತುಕೊಳ್ಳಿ.

ನಮ್ಮದು ಕೆ. ಹೊಸಕೋಟೆ ಕಡೆ ಚಿಕ್ಕದೊಂದು ಕಾಫಿ ತೋಟ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಮಾವ. ಮಾವನಿಗೆ ದಿನಾ ಎರಡು ಪೂಜೆ. ಒಂದು ಶಿವನದು, ಇನ್ನೊಂದು ಅಂಗಳದ ರೈನ್‌ಗೇಜಿನದು. ವಿಭೂತಿ ಧರಿಸಿ ಹೊರಬಂದವರೇ ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಷ್ಟು ಸೆಂಟು ಮಳೆ ಎಂದು ನೋಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಹಳೆಯ ಮಳೆ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ, ಉಳಿದದ್ದನ್ನೆಲ್ಲ ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಕುಟ್ಟಿ, ಪುಸ್ತಕಗಳನ್ನು ಒಲೆಗೆ ಹಾಕಿದ್ದರು; ಆಮೇಲಿನ ಲೆಕ್ಕವೂ ಅದರಲ್ಲೇ. ಬೇಸಿಗೆಯಲ್ಲಿ ಸುತ್ತಿನ ತೋಟದವರಿಗೆ ಸ್ಪ್ರಿಂಕ್ಲರ್ ಹಾಕುವುದೋ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದೋ ಎಂಬ ಅನುಮಾನ ಬಂದರೆ ಫೋನು ಬರುವುದು ಮಾವನಿಗೆ. ಯಾವ ವರ್ಷ ಯಾವಾಗ ಎಷ್ಟು ಬಿತ್ತು ಎಂದು ಕೇಳಿದ ಕೂಡಲೇ ಪರದೆ ನೋಡಿ, ಆ ಕಡೆಯವರಿಗೆ ಬಾಯಿಪಾಠವೇ ಅನ್ನಿಸುವ ಹಾಗೆ ಹೇಳುತ್ತಿದ್ದರು. ಆಗ ಅವರ ದನಿಯೇ ಬೇರೆ.

ಆ ಕಂಪ್ಯೂಟರು ಬರಬರುತ್ತಾ ತೆವಳತೊಡಗಿತು. ದಸರಾ ರಜೆಗೆ ಬಂದ ನನ್ನ ನಾದಿನಿ ಸುಮಿತ್ರ, ಆಲೂರಿನಲ್ಲಿ ಟೀಚರು, ಅದನ್ನು ನಡೆಸುವ ವಿಂಡೋಸಿನ ಪಕ್ಕಕ್ಕೆ ಲಿನಕ್ಸ್ ಅನ್ನುವ ಹಗುರವಾದದ್ದನ್ನೂ ಕೂರಿಸುತ್ತೇನೆ ಎಂದಳು.

"ಹಳೇದನ್ನ ತೆಗೆಯಲ್ಲ ಅತ್ತಿಗೆ. ಅಪ್ಪಂಗೆ ಅಭ್ಯಾಸ ಆಗಿರೋದು ಅಲ್ಲೇ ಇರ್ತದೆ, ನಿಮಗೆ ಹೊಸದು."

"ಒಂದೇ ಗುಡೀಲಿ ಎರಡು ದೇವ್ರು ಅನ್ನು."

"ಹೂಂ ಕಣತ್ತಿಗೆ, ಹಂಗೇ."

ಮನಸ್ಸಿಗೆ ಹಿತವೆನಿಸಿತು. ದೇವರ ವಿಷಯ ನನಗೆ ಬೇಗ ಅರ್ಥವಾಗುತ್ತದೆ. ಕಂಪ್ಯೂಟರಿನ ವಿಷಯವೂ ಅರ್ಥವಾಯಿತೆಂದುಕೊಂಡೆ ನೋಡಿ, ಅಲ್ಲೇ ಎಡವಿದ್ದು.

ಆಯುಧಪೂಜೆಯ ಬೆಳಿಗ್ಗೆ ಅವಳು ಕೆಲಸ ಹಚ್ಚಿದಳು. ಹೋಳಿಗೆ ಹೂರಣ ಮಗುಚುತ್ತಿದ್ದ ನನಗೆ, "ಹಳೇದನ್ನ ಒತ್ತರಿಸಿ ಹೊಸದಕ್ಕೆ ಜಾಗ ಮಾಡ್ತಾ ಐತೆ. ಹೊತ್ತು ಹಿಡೀತದೆ. ಪರದೆ ಕಪ್ಪಾದ್ರೂ ಒಳಗೆ ಕೆಲಸ ನಡೀತಿರ್ತದೆ" ಎಂದು ಹೇಳಿ ಸ್ನಾನಕ್ಕೆ ಹೋದಳು. ನಾನು ಹೂಂಗುಟ್ಟಿದೆ. ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ.

ನಮ್ಮಲ್ಲಿ ಆ ದಿನ ಕತ್ತಿ, ಕುಡುಗೋಲು, ಔಷಧಿ ಹೊಡೆಯುವ ಪಂಪು, ಜೀಪು, ನನ್ನ ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ಪೂಜೆಯಾದ ಆಯುಧ ಮಾರನೇ ದಿನದವರೆಗೆ ದುಡಿಯಬಾರದು, ಅದಕ್ಕೂ ವಿಶ್ರಾಂತಿ ಬೇಕು. ಮಂಗಳಾರತಿ ಹಿಡಿದು ಮನೆಯೆಲ್ಲ ಸುತ್ತಿ ಕಂಪ್ಯೂಟರಿನ ಮುಂದೆ ನಿಂತೆ. ಪರದೆಯೇನೋ ಕಪ್ಪು, ಪೆಟ್ಟಿಗೆ ಮಾತ್ರ ಗುಂಯ್ ಎನ್ನುತ್ತಿತ್ತು. ಪಾಪ, ಹಬ್ಬದ ದಿನವೂ ದುಡಿತ ಎನಿಸಿತು. ವಿಭೂತಿ ಹಚ್ಚಿದೆ, ಕುಂಕುಮವಿಟ್ಟೆ, ಚೆಂಡುಹೂ ಏರಿಸಿದೆ. ಕೈಮುಗಿದು, ಗೋಡೆಯ ಸ್ವಿಚ್ ಆರಿಸಿದೆ.

"ಅಯ್ಯೋ ಅತ್ತಿಗೆ, ಆರಿಸ್ಬುಟ್ರಾ!" ಎಂದು ಸುಮಿತ್ರ ಒದ್ದೆ ತಲೆಯಲ್ಲೇ ಓಡಿಬಂದಳು. ಒತ್ತರಿಸುವ ಕೆಲಸ ನಡುವಿನಲ್ಲಿ ನಿಂತು, ಹಳೆಯದೆಲ್ಲ ಕಲಸಿಹೋಗಿತ್ತು. ಹಾಸನದ ಅಂಗಡಿಗೆ ಒಯ್ದರೂ ಏನೂ ಮರಳಿ ಸಿಗಲಿಲ್ಲ, ಕೊನೆಗೆ ಸುಮಿತ್ರ ಹೊಸದನ್ನಷ್ಟೇ ಕೂರಿಸಿದಳು. ಫೋಟೋಗಳನ್ನು ಅವಳು ಮೊದಲೇ ಬೇರೆ ಕಡೆ ಇಟ್ಟಿದ್ದಳು, ಶಿವ ಅಷ್ಟಾದರೂ ಉಳಿಸಿದ. ಮಾವ ತಾವೇ ಒಂದು ಮೂಲೆಯಲ್ಲಿ ಕೂಡಿಟ್ಟಿದ್ದ ಮಳೆ ಮಾತ್ರ ಯಾರ ನೆನಪಿಗೂ ಬಂದಿರಲಿಲ್ಲ.

ಮಾವ ಅಂಗಳಕ್ಕೆ ಹೋಗಿ ಗಾಜಿನ ಅಳತೆ ಒರೆಸಿಟ್ಟು ಬಂದರು. ಆಮೇಲೆ, "ಪೂಜೆ ಮಾಡಿ ತಾನೆ ಆರಿಸಿದ್ದು, ಬಿಡವ್ವ. ಗೇಜು ಅಂಗಳದಲ್ಲೈತೆ, ಮಳೆ ಮೇಲೈತೆ" ಎಂದರು. ಬೈದಿದ್ದರೆ ಅವತ್ತು ನಾನೂ ಒಂದು ಹೋಳಿಗೆ ತಿನ್ನುತ್ತಿದ್ದೆ.

ನಿಜವಾದ ನಾಚಿಕೆ ಬಂದದ್ದು ಬೇಸಿಗೆಗೆ. ಹೆಗ್ಗದ್ದೆಯ ಬಸಣ್ಣ ಮಾವನ ಹಳೆಯ ಗೆಳೆಯ. ಫೋನಿನಲ್ಲಿ ಅವರ ದನಿ ಅಡುಗೆಮನೆಗೂ ಕೇಳುತ್ತದೆ. "ಹೋದ್ವರ್ಷ ಹೂಮಳೆ ಯಾವಾಗ ಬಂತು ಹೇಳು ಮಾರಾಯ, ಸ್ಪ್ರಿಂಕ್ಲರ್ ಇಳಿಸ್ಬೇಕು."

ಮಾವ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು. "ನೆನಪಾಗ್ತಿಲ್ಲ ಕಣೋ. ವಯಸ್ಸಾಯ್ತು."

"ನಿಂಗಾ? ಮರ್ತೋಯ್ತಾ?"

ಸೊಸೆ ಸ್ವಿಚ್ ಆರಿಸಿದಳು ಎಂಬ ಒಂದು ಮಾತೂ ಅವರ ಬಾಯಲ್ಲಿ ಬರಲಿಲ್ಲ. ಕೆಲವೇ ದಿನಕ್ಕೆ ಬಸಣ್ಣನ ಮನೆಯಿಂದ ಮೊದಲ ಚೀಲ ಬಂತು, ನೆನಪಿನ ಶಕ್ತಿಗೆ ಒಂದೆಲಗ. ಆಮೇಲೆ ಬರುತ್ತಲೇ ಇತ್ತು. ನಾನು ತಲೆ ತಗ್ಗಿಸಿ ರುಬ್ಬುವುದು, ಮಾವ "ಚೆನ್ನಾಗೈತೆ, ಇನ್ನೊಂಚೂರು ಹಾಕವ್ವ" ಎಂದು ತಿನ್ನುವುದು. ಪಾಳ್ಯದಲ್ಲಿ ಒಂದು ಮದುವೆಯೂಟದಲ್ಲಿ ಪಕ್ಕದವರು, "ನಿಮ್ಮಾವನೋರಿಗೆ ಮರೆವಂತಲ್ಲ, ಊಟ ಮಾಡಿದ್ದಾದ್ರೂ ನೆನಪಿರ್ತದಾ?" ಎಂದು ಕೇಳಿದರು. "ಹಂಗೇನಿಲ್ಲ" ಎಂದು ಪಾಯಸಕ್ಕೆ ಹೇಳಿದೆ, ಅವರ ಮುಖ ನೋಡಿ ಹೇಳಲಾಗಲಿಲ್ಲ. ಮಳೆ ಕೇಳುವ ಫೋನುಗಳು ನಿಂತವು. ಮಾವ ಗಾಜಿನ ಅಳತೆ ಕೆಳಗಿಟ್ಟು ಫೋನಿನ ಕಡೆ ಒಮ್ಮೆ ನೋಡಿ ಒಳಗೆ ಹೋಗುವುದನ್ನು ದಿನಾ ಕಂಡೆ.

ಮೊನ್ನೆ ಅವರು ಶಿವಪೂಜೆಯಲ್ಲಿದ್ದಾಗ ಬಸಣ್ಣನ ಫೋನು ಬಂತು. "ಹೆಂಗವ್ನೆ ನಿಮ್ಮಾವ? ಸೊಪ್ಪು ಕಳಿಸ್ಲಾ?"

"ಬೇಡಣ್ಣ. ಮಾವಂಗೆ ಮರೆವಿಲ್ಲ. ಕಂಪ್ಯೂಟರ್‌ಗೆ ಹಬ್ಬದ ರಜ ಕೊಡಕ್ಕೋಗಿ ಮಳೆನೆಲ್ಲ ಕಳೆದಿದ್ದು ನಾನು. ಅವರು ನನ್ನ ಹೆಸರು ಎತ್ಲಿಲ್ಲ ಅಷ್ಟೇ."

ಆ ಕಡೆಯಿಂದ ದೊಡ್ಡ ನಗು. "ಹಂಗಾದ್ರೆ ಅವ್ನಿಗೆ ಇಷ್ಟು ದಿವ್ಸ ಮೇಯ್ಸಿದ್ದು ದಂಡ ಅನ್ನು!"

ಪೂಜೆ ಮುಗಿಸಿ ಬಂದ ಮಾವನಿಗೆ ಹೇಳಿದೆ. "ಯಾಕವ್ವ ಹೇಳಕ್ಕೋದೆ?" ಎಂದರು.

"ರುಬ್ಬಿ ರುಬ್ಬಿ ಸಾಕಾಯ್ತು ಮಾವ."

ಮಾವ ನಗಲಿಲ್ಲ. ಆದರೆ ಅವತ್ತು ಫೋನನ್ನು ಜಗಲಿಗೆ ತಂದು ಪಕ್ಕದಲ್ಲೇ ಇಟ್ಟುಕೊಂಡು ಕೂತರು.

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಪರದೆಯಲ್ಲಿ ಎಂದಿನಂತೆ ಎರಡು ಹೆಸರು, ಯಾವುದು ಬೇಕು ಎಂಬ ಪ್ರಶ್ನೆ. ಹಳೆಯದರ ಹೆಸರಷ್ಟೇ ಉಳಿದಿದೆ, ಒತ್ತಿದರೆ ಬರೀ ಕಪ್ಪು. ತೆಗೆದುಬಿಡುತ್ತೇನೆ ಎಂದು ಸುಮಿತ್ರ ಹೇಳುತ್ತಲೇ ಇರುತ್ತಾಳೆ, ನಾನು ಬಿಡುವುದಿಲ್ಲ. ಹೊಸದನ್ನು ಒತ್ತಿದೆ. ಅಂಗಳದಿಂದ ಮಾವ, "ಹದಿನೆಂಟು ಸೆಂಟು, ಬರ್ಕೊ" ಎಂದು ಕೂಗಿದರು. ಬರೆದುಕೊಂಡೆ. ಅಷ್ಟರಲ್ಲಿ ಫೋನು ಬಂತು. "ಹದಿನೆಂಟು ಕಣೋ. ನಿಮ್ಮಲ್ಲಿ?" ಎನ್ನುವ ಮಾವನ ಆ ಹಳೆಯ ದನಿ ಬಹಳ ದಿನದ ಮೇಲೆ ಕೇಳಿಸಿತು.

ಆಮೇಲೆಯೇ ಈ ಚೀಲ ಬಂದದ್ದು. ತಂದ ಆಳು, "ಇದು ಯಜಮಾನ್ರಿಗಲ್ಲ, ಅಮ್ಮೋರಿಗೆ ಅಂತ ಬಸಣ್ಣೋರು ಹೇಳವ್ರೆ" ಎಂದು ನಗು ತಡೆದುಕೊಂಡು ಹೋದ.

ಮಧ್ಯಾಹ್ನ ಮಾವನ ತಟ್ಟೆಗೆ ಚಟ್ನಿ ಹಾಕಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ನಂಗೆ ಬೇಡವ್ವ. ಅದು ನಿನ್ನ ಔಷ್ದಿ."

ನನ್ನ ತಟ್ಟೆಗೆ ಬಡಿಸಿಕೊಂಡೆ. ಕಹಿಯಿತ್ತು. ಇನ್ನೊಂದು ಚಮಚ ಹಾಕಿಕೊಂಡೆ.