ಹೆಸರು ಕೆತ್ತಿದ ಲೋಟ

ನನ್ನ ಮೇಜಿನ ಮೇಲಿರುವ ಸ್ಟೀಲು ಲೋಟದ ಅಂಚಿನಲ್ಲಿ ನಮ್ಮಮ್ಮನ ಹೆಸರೂ ಊರೂ ಇವೆ: ಗಿರಿಜಮ್ಮ, ಜಡೆ. ಕೆತ್ತಿದವರು ಸೊರಬದ ಪಾತ್ರೆ ಅಂಗಡಿಯ ಮುಂದೆ ಕೂರುವ ಗೌಸ್ ಸಾಬರು. ಉಳಿ ಇಡುವ ಮುನ್ನ ಗಿರಾಕಿಯಿಂದ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿಸುವುದು ಅವರ ಪದ್ಧತಿ. ಅವಸರದವರು ಗೊಣಗುತ್ತಾರೆ, ನಾನೂ ಗೊಣಗಿದವಳೇ.

ಶಿಕಾರಿಪುರದಲ್ಲಿ ನಾನು ನೋಡಿಕೊಳ್ಳುವ ಪುಟ್ಟ ಗ್ರಂಥಾಲಯದಲ್ಲಿ ಒಂದು ಸರ್ವರ್ ಇದೆ. ಸುತ್ತಲ ಊರುಗಳ ಹೆಂಗಸರು ಹಾಡಿದ ಸೋಬಾನೆ, ಬೀಸುವ ಪದಗಳೆಲ್ಲ ಅದರ ಡಿಸ್ಕಿನಲ್ಲಿವೆ. ಈಗ ಇಲ್ಲದ ಅಮ್ಮನ ದನಿಯೂ ಅಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಇನ್ನೊಂದು ಪ್ರತಿ ಇಟ್ಟಿರಲಿಲ್ಲವೇ ಎಂದು ನೀವು ಕೇಳುವಿರಿ. ಇಡಲೆಂದೇ ಹೊಸ ಡಿಸ್ಕು ತರಿಸಿದ್ದು, ಮಾರಾಯರೆ.

ಕಂಪ್ಯೂಟರಿನ ಮುಂದೆ ನಾನು ಚಿತ್ರದ ಪಕ್ಷದವಳು. ಡಿಸ್ಕು ಎಷ್ಟು ತುಂಬಿದೆಯೆಂದು ಬಣ್ಣದ ಪಟ್ಟಿಗಳಲ್ಲಿ ಕಣಜದೊಳಗೆ ಇಣುಕಿದಂತೆ ನೋಡಿಬಿಡಬಹುದಾಗಿರುವಾಗ, ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಕುಟ್ಟುವವರನ್ನು ಕಂಡು, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂದು ನಗುತ್ತಿದ್ದೆ. ಆ ದಿನ ಹೊಸ ಡಿಸ್ಕನ್ನು ಜೋಡಿಸಿ, ಅದನ್ನು ಅಣಿಗೊಳಿಸುವ ಪುಟ ತೆರೆದಾಗ ಒಂದೇ ಅಳತೆಯ ಎರಡು ನೀಲಿ ಚೌಕಗಳು ಕಂಡವು. ಆಮೇಲೆ ಬಂದದ್ದು ಎರಡನೆಯದೇ ತಾನೆ ಎಂದು ಅದನ್ನು ಆರಿಸಿದೆ. ‘ಪೂರ್ತಿ ಅಳಿಸಲೇ?’ ಎಂದಿತು. ಯಾಕೋ ಕೈ ತಡೆಯಿತು. ನಮ್ಮ ಸರ್ವರನ್ನು ಸೊರಬದಿಂದಲೇ ನೋಡಿಕೊಳ್ಳುವ, ಗೌಸ್ ಸಾಬರ ಮಗಳು ಶಬೀನಾಗೆ ಫೋನ್ ಮಾಡಿದೆ.

“ಒತ್ತಬೇಡ್ರೀ ಮೇಡಂ. ಕಪ್ಪು ಪರದೆ ತೆಗೀರಿ. ನಾ ಹೇಳಿದ್ದು ಬರ್ದು, ಬಂದಿದ್ದನ್ನ ಗಟ್ಟಿಯಾಗಿ ಓದ್ರಿ.”

ಓದಿದೆ. ಮೊದಲ ಡಿಸ್ಕಿನ ಮುಂದೆ ಏನೂ ಇರಲಿಲ್ಲ. ಎರಡನೆಯದರ ಮುಂದೆ ‘ಹಾಡುಗಳು’ ಎಂದಿತ್ತು.

“ಇನ್ನೊಂದ್ ಸಲ ಓದ್ರಿ” ಎಂದಳು, ಥೇಟ್ ಅಪ್ಪನ ಹಾಗೆ. ಮತ್ತೆ ಓದಿದೆ; ಅಳಿಸಲು ನಾನು ಆರಿಸಿದ್ದು ಅಮ್ಮನ ದನಿಯಿದ್ದ ಹಳೆಯ ಡಿಸ್ಕನ್ನೇ. ಯಂತ್ರ ಮತ್ತೆ ಶುರುವಾದಾಗ ಡಿಸ್ಕುಗಳ ಸಾಲು ಹಿಂದುಮುಂದಾಗುವುದುಂಟಂತೆ.

ಚಿತ್ರದ ಮೇಲೆ ನನಗೆ ಮುನಿಸಿಲ್ಲ. ತುಂಬಿದ್ದು, ಬರಿದಾದದ್ದನ್ನು ಈಗಲೂ ಅದರಲ್ಲೇ ನೋಡುತ್ತೇನೆ. ಆದರೆ ಬೆರಳು ತೋರಿಸಿ ಮುಗಿಸುವ ಕೆಲಸದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಬೇಕಾಗುವುದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವಾಗ, ಅಳಿಸುತ್ತಿರುವುದು ಯಾವುದನ್ನು ಎಂದು ನಮ್ಮ ಕೈಯೇ ಹೇಳಬೇಕಾಗುತ್ತದೆ. ಗಿರಾಕಿಯ ಗೊಣಗಾಟಕ್ಕೆ ಬಗ್ಗದ ಆ ಅಪ್ಪನಿಗೂ, ಅವರ ಪದ್ಧತಿಯನ್ನು ಬಿಡದ ಆ ಮಗಳಿಗೂ ನಾನು ಋಣಿ.

ಸಂಜೆಯೊಳಗೆ ಹಾಡುಗಳೆಲ್ಲ ಹೊಸ ಡಿಸ್ಕಿಗೂ ಇಳಿದವು. ಅದಕ್ಕೇನು ಹೆಸರಿಡೋಣ ಎಂದು ಶಬೀನಾ ಕೇಳಿದಳು. ಲೋಟವನ್ನು ಕೈಗೆತ್ತಿಕೊಂಡೆ. ಯಾರೂ ಹೇಳದಿದ್ದರೂ ಅಮ್ಮನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿ, ಆಮೇಲೆ ಬರೆದೆ.