ಎಡಗಡೆಯ ಮಡ್‌ಗಾರ್ಡ್

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಬರೆಯುವುದೆಂದರೆ ಊರಿಗೆ ಕಾಗದ ಬರೆದಷ್ಟೇ ಅಭ್ಯಾಸ. ಆದರೂ ಇದೊಂದನ್ನು ಬರೆಯದೆ ಇದ್ದರೆ ನನಗೆ ಸಮಾಧಾನವಿಲ್ಲ. ಕೇಳಿದವರಿಗೆಲ್ಲ ಹೇಳಿ ಆಯಿತು, ಕೇಳದವರಿಗೂ ಹೇಳಿ ಆಯಿತು. ನನ್ನ ಮೊಮ್ಮಗಳು ಹದಿಮೂರನೇ ವಯಸ್ಸಿನಲ್ಲಿ ದುಬೈಯಲ್ಲಿ ನನ್ನ ಹಳೇ ಗಾಡಿ ಮಾರಿದ ಸಂಗತಿ ಇದು.

ನಾನು ಡೆಂಟರ್. ಆಕ್ಸಿಡೆಂಟಿನಲ್ಲಿ ನಜ್ಜುಗುಜ್ಜಾದ ಗಾಡಿಯ ತಗಡನ್ನು ಬಡಿದು ಮೊದಲಿನಂತೆ ಮಾಡುವವನು. ಉಡುಪಿಯ ಕಡಲ ಬದಿಯಿಂದ ಬಂದು ದುಬೈಯ ಒಂದೇ ಗ್ಯಾರೇಜಿನಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಸುತ್ತಿಗೆ ಹಿಡಿದೆ. ನಮ್ಮ ಕೆಲಸದ ಗುಣ ಏನೆಂದರೆ, ಅದು ಚೆನ್ನಾಗಿ ಆಯಿತು ಅಂದರೆ ಅಲ್ಲಿ ಕೆಲಸ ಆಗಿದೆ ಎಂದೇ ಯಾರಿಗೂ ಗೊತ್ತಾಗಬಾರದು. ಹಾಗಾಗಿ ಇದು ನಾನು ಮಾಡಿದ್ದು ಎಂದು ಬೆರಳು ತೋರಿಸಿ ಹೇಳುವ ಅಭ್ಯಾಸ ನನಗಿರಲಿಲ್ಲ.

ಗ್ಯಾರೇಜಿನ ಹಿತ್ತಲಲ್ಲಿ ಒಂದು ಅಮೆರಿಕದ ಗಾಡಿ ವರ್ಷಗಟ್ಟಲೆ ಧೂಳು ತಿನ್ನುತ್ತಾ ನಿಂತಿತ್ತು. ಎರಡೇ ಬಾಗಿಲು, ಹಾಸಿಗೆಯಷ್ಟು ಅಗಲದ ಬಾನೆಟ್, ಒಳಗೆ ಎಂಟು ಸಿಲಿಂಡರಿನ ಇಂಜಿನ್. ಹುಡುಗರು ಅದನ್ನು ಮಸಲ್ ಕಾರ್ ಅನ್ನುತ್ತಿದ್ದರು. ಎದುರಿನ ಎಡಭಾಗ ಯಾವುದೋ ಕಂಬಕ್ಕೆ ಬಡಿದು ಅಪ್ಪಚ್ಚಿ. ಆ ಬದಿಯ ಮಡ್‌ಗಾರ್ಡ್, ಅಂದರೆ ಚಕ್ರದ ಮೇಲಿನ ತಗಡು, ಇರಲೇ ಇಲ್ಲ. ಗ್ಯಾರೇಜಿನ ಅರಬಾಬ್, ನಮ್ಮ ಯಜಮಾನರು, ನಾನು ಅದನ್ನು ನೋಡುತ್ತಾ ನಿಲ್ಲುವುದನ್ನು ಕಂಡು, ಶುಕ್ರವಾರ ರಜೆಯ ದಿನ ಬೇಕಾದರೆ ಕೆಲಸ ಮಾಡಿಕೋ ಅಂದರು. ನಾಲ್ಕು ವರ್ಷದ ಶುಕ್ರವಾರಗಳು ಅದಕ್ಕೇ ಹೋದವು. ನೈಫ್ ಎಂಬ ಪೇಟೆಯ ಅಂಗಡಿಯಿಂದ ರೆಕ್ಸಿನ್ ತಂದು ಸೀಟು ಹೊಲಿಸಿದೆ. ಇಂಜಿನ್ನನ್ನು ಗ್ಯಾರೇಜಿನ ಮೆಕ್ಯಾನಿಕ್ ಗೆಳೆಯ ಎಬ್ಬಿಸಿಕೊಟ್ಟ. ಆ ಎಡಗಡೆಯ ಮಡ್‌ಗಾರ್ಡನ್ನು ಮಾತ್ರ ನಾನೇ ಚಪ್ಪಟೆ ತಗಡಿನಿಂದ ಬಡಿದು ಮಾಡಿದೆ. ಮರಳು ತುಂಬಿದ ಚೀಲದ ಮೇಲೆ ತಗಡು ಇಟ್ಟು ಮರದ ಸುತ್ತಿಗೆಯಲ್ಲಿ ಹೊಡೆಯುತ್ತಾ ಹೋಗುವುದು. ಅಳತೆಗೆ ಬಲಗಡೆಯದ್ದನ್ನು ನೋಡಿಕೊಂಡಿದ್ದೆ. ಎರಡು ಶುಕ್ರವಾರ ಬಡಿದ ಮೇಲೆ ತಿಳಿಯಿತು, ನಾನು ಇನ್ನೊಂದು ಬಲಗಡೆಯದ್ದನ್ನೇ ಮಾಡುತ್ತಿದ್ದೇನೆ ಎಂದು. ಮೂವತ್ತು ವರ್ಷದ ಡೆಂಟರ್. ಯಾರಿಗೂ ಹೇಳದೆ ಅದನ್ನು ಮಡಚಿ ಗುಜರಿಗೆ ಹಾಕಿ ಹೊಸ ತಗಡು ತಂದೆ.

ಗ್ಯಾರೇಜು ಮುಚ್ಚಿದಾಗ ಅರಬಾಬ್ ಗಾಡಿಯನ್ನು ನನ್ನ ಹೆಸರಿಗೇ ಮಾಡಿಕೊಟ್ಟರು. ಅಷ್ಟರಲ್ಲಿ ನಾನೂ ನನ್ನ ಹೆಂಡತಿಯೂ ಮಗನ ವೀಸಾದಲ್ಲಿ ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಅವನ ಫ್ಲಾಟಿಗೆ ಬಂದಿದ್ದೆವು. ಕೆಳಗಿನ ಮರಳು ಪಾರ್ಕಿಂಗಿನಲ್ಲಿ ಗಾಡಿ. ಬೆಳಿಗ್ಗೆ ನಾನು ಒದ್ದೆ ಬಟ್ಟೆ ಹಿಡಿದು ಇಳಿದರೆ ನನ್ನವಳು ಮೇಲಿನಿಂದ, "ನಿಮ್ಗೆ ಅದ್ರ ಮೇಲೆ ಇರುವ ಪ್ರೀತಿ ನನ್ನ ಮೇಲೆ ಇದ್ದಿದ್ರೆ ನಾನು ಇಷ್ಟು ಬೇಗ ತುಕ್ಕು ಹಿಡೀತಿರ್ಲಿಲ್ಲ," ಎನ್ನುವಳು.

ಆಮೇಲೆ ಮಗನಿಗೆ ಅಬುಧಾಬಿಯಲ್ಲಿ ಕೆಲಸವಾಯಿತು. ಮಾರ್ಚಿಗೆ ಶಾಲೆ ಮುಗಿದ ಕೂಡಲೇ ಮನೆ ಬದಲಾಯಿಸಬೇಕು. ಅಲ್ಲಿ ಸಿಕ್ಕಿದ ಫ್ಲಾಟಿನಲ್ಲಿ ಅವನ ಗಾಡಿ ನಿಲ್ಲಿಸಲಿಕ್ಕೇ ಪರದಾಟ. ಮಗ ಮೆಲ್ಲಗೆ ಹೇಳಿದ, "ಅಪ್ಪ, ಅದನ್ನು ಕೊಟ್ಟುಬಿಡುವ."

ಕೊಡುವುದಕ್ಕೇನು, ತೆಗೆದುಕೊಳ್ಳುವವರು ಬೇಕಲ್ಲ. ನಿಂತು ನೋಡುವವರು, ಪಕ್ಕದಲ್ಲಿ ನಿಂತು ಫೋಟೋ ತೆಗೆಯುವವರು ದಿನಕ್ಕೆ ಹತ್ತು ಜನ. ಕೊಳ್ಳಲು ಬಂದವರಲ್ಲಿ ಮೊದಲನೆಯವನು ಗುಜರಿಯವನು. ಅವನಿಗೆ ಇಂಜಿನ್ ಒಂದೇ ಸಾಕು. ಅದನ್ನು ತೆಗೆದು ಮರುಭೂಮಿಯಲ್ಲಿ ಓಡಿಸುವ ಗಾಡಿಗೆ ಹಾಕುತ್ತಾನಂತೆ. ಬಾಡಿ ಏನು ಮಾಡುತ್ತೀಯ ಎಂದು ಕೇಳಿದೆ. ಕಟ್ ಮಾಡಿ ತೂಕಕ್ಕೆ, ಖಲಾಸ್, ಅಂದ. ಆ ಒಂದು ಮಾತು ಕೇಳಿ ನನಗೆ ಊಟ ಸೇರಲಿಲ್ಲ. ಇಂಜಿನ್ ಅಮೆರಿಕದವರದ್ದು, ಬಾಡಿ ನನ್ನದು. ಕತ್ತರಿಸುವವನ ಕೈಗೆ ಕೊಡುವುದಿಲ್ಲ ಎಂದು ಹಟ ಹಿಡಿದೆ. ಮಾರ್ಚ್ ಕೊನೆಯವರೆಗೆ ನೋಡುವ, ಆಗಲೂ ಯಾರೂ ಬರದಿದ್ದರೆ ಗುಜರಿಯವನಿಗೇ ಎಂದು ಮಗ ಹೇಳಿದ. ಆರು ವಾರ ಇತ್ತು.

ಆಗ ಮೊಮ್ಮಗಳು ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಲು ಕುಳಿತಳು. ನಾನು ಹೇಳಿದ್ದು ಒಂದೇ: "ಫುಲ್ ಒರಿಜಿನಲ್ ಅಂತ ಬರಿ ಮಗಾ. ಎಲ್ಲರೂ ಹಾಗೆಯೇ ಬರೆಯುವುದು."

ಅವಳು ಬರೆಯಲಿಲ್ಲ. ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಗಾಡಿಯ ಸುತ್ತ ನಡೆಸಿದಳು. ಇದು ಕಂಪನಿಯದ್ದಾ, ಇದು ನೀವು ಮಾಡಿದ್ದಾ, ಇದರೊಳಗೆ ತಗ್ಗು ತುಂಬುವ ಪುಟ್ಟಿ ಉಂಟಾ ಎಂದು ಕೇಳಿ ಕೇಳಿ ಫೋನಿನಲ್ಲಿ ಗುರುತು ಹಾಕಿಕೊಂಡಳು. ಎಡಗಡೆಗೆ ಬಂದಾಗ ನಾನು ತಡವರಿಸಿದೆ. ಇದೂ ಅಮೆರಿಕದಿಂದಲೇ ಬಂದದ್ದು ಎಂದು ಬರಿ, ಯಾರಿಗೂ ಗೊತ್ತಾಗುವುದಿಲ್ಲ ಅಂದೆ. ಅವಳು ನನ್ನ ಮುಖ ನೋಡಿದಳು.

"ಅಜ್ಜ, ನೀವು ಮಾಡಿದ್ದನ್ನು ಕಂಪನಿ ಮಾಡಿದ್ದು ಅಂತ ಯಾಕೆ ಬರೀಬೇಕು? ಅವರು ಮೆಷಿನಲ್ಲಿ ಮಾಡಿದ್ದು. ನೀವು ಕೈಯಲ್ಲಿ ಮಾಡಿದ್ದಲ್ವಾ?"

ಇಂಗ್ಲಿಷೇ ಬಾಯಿಗೆ ಮೊದಲು ಬರುವ ಹುಡುಗಿ ಅದನ್ನು ಕನ್ನಡದಲ್ಲಿ ಹೇಳಿದಳು. ಜಾಹೀರಾತಿನಲ್ಲಿ ಹೀಗೆ ಹಾಕಿದಳಂತೆ: ಬಲಗಡೆಯ ಮಡ್‌ಗಾರ್ಡ್ ಕಂಪನಿಯದ್ದು, ಆದರೆ ತುಕ್ಕು ಹಿಡಿದಲ್ಲಿ ಪುಟ್ಟಿ ತುಂಬಿದೆ. ಎಡಗಡೆಯದ್ದನ್ನು ನನ್ನ ಅಜ್ಜ ಶುಕ್ರವಾರಗಳಲ್ಲಿ ಕೈಯಿಂದ ಬಡಿದು ಮಾಡಿದ್ದಾರೆ. ಸೀಟು ಹೊಸದು, ಗಡಿಯಾರ ನಡೆಯುವುದಿಲ್ಲ. ಗಾಡಿ ಮಾರುವವರು ಯಾರಾದರೂ ಹೀಗೆ ಬರೆಯುತ್ತಾರಾ? ಮಗ ತಲೆಗೆ ಕೈಯಿಟ್ಟುಕೊಂಡ. ನನ್ನವಳು, ಇನ್ನು ಗುಜರಿಯವನಿಗೂ ಬೇಡವಾಗುತ್ತದೆ ನೋಡಿ ಅಂದಳು.

ನನ್ನವಳು ಹೇಳಿದಂತೆಯೇ ಆಗುವ ಹಾಗೆ ಕಂಡಿತು. ಫೋನು ಮಾಡಿದವರು ಒರಿಜಿನಲ್ ಅಲ್ಲವಲ್ಲ ಎಂದು ಇಟ್ಟುಬಿಡುತ್ತಿದ್ದರು. ಒಬ್ಬ ಬಂದು, ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿ ಕಣ್ಣು ಮುಚ್ಚಿ ಆನಂದಪಟ್ಟು, ಅರ್ಧ ಲೋಟ ಚಹಾ ಕುಡಿದು ಹೋದವನು ತಿರುಗಿ ನೋಡಲಿಲ್ಲ. ಇನ್ನೊಬ್ಬ ಕಿಸೆಯಲ್ಲಿ ಸೂಜಿಗಲ್ಲು ತಂದಿದ್ದ. ಪುಟ್ಟಿ ಇದ್ದಲ್ಲಿ ಸೂಜಿಗಲ್ಲು ಹಿಡಿಯದೆ ಜಾರುತ್ತದೆ. ಅವನು ನೇರವಾಗಿ ಎಡಗಡೆಗೇ ಹೋಗಿ ಇಟ್ಟ. ಟಕ್ ಎಂದು ಕಚ್ಚಿತು. ಕೆಳಗೆ, ಮೇಲೆ, ಅಂಚಿನಲ್ಲಿ, ಎಲ್ಲಿ ಇಟ್ಟರೂ ಟಕ್. ಬಲಗಡೆಯ ಕಂಪನಿಯದ್ದರಲ್ಲಿ ಎರಡು ಕಡೆ ಜಾರಿ ಕೆಳಗೆ ಬಿತ್ತು. ಮೊಮ್ಮಗಳು ಅದನ್ನು ಹೆಕ್ಕಿ ಅವನ ಕೈಗೆ ಕೊಟ್ಟು, ಅದನ್ನೂ ಬರೆದಿದ್ದೇವಲ್ಲ ಅಂಕಲ್ ಎಂದಳು. ಅವನು ಕೊಳ್ಳಲಿಲ್ಲ. ಆದರೆ ಅವತ್ತು ನಾನು ಎರಡು ಸಲ ಊಟ ಮಾಡಿದೆ.

ಮಾರ್ಚಿನ ಕೊನೆಯ ಶುಕ್ರವಾರಕ್ಕೆ ಒಂದು ವಾರ ಇರುವಾಗ ಅಬುಧಾಬಿಯಿಂದ ಒಬ್ಬ ಲೋಕಲ್ ಹಿರಿಯರು ಬಂದರು. ಇಲ್ಲಿನ ಮೂಲದವರನ್ನು ನಾವು ಲೋಕಲ್ ಅನ್ನುತ್ತೇವೆ. ಬಿಳಿ ಉದ್ದಂಗಿ, ಕೈಯಲ್ಲಿ ಜಪಮಾಲೆ, ನನ್ನದೇ ಪ್ರಾಯ. ಬಾನೆಟ್ ತೆಗೆಯಿರಿ ಎನ್ನಲಿಲ್ಲ, ಸ್ಟಾರ್ಟ್ ಮಾಡಿ ಎನ್ನಲಿಲ್ಲ. ಎಡಗಡೆಯ ಮಡ್‌ಗಾರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅಂಗೈಯಿಂದ ಸವರಿದರು. ನಮ್ಮ ಕೆಲಸದಲ್ಲಿ ಕಣ್ಣು ಮೋಸ ಹೋದರೂ ಅಂಗೈ ಮೋಸ ಹೋಗುವುದಿಲ್ಲ. ಇವರಿಗೆ ಅದು ಗೊತ್ತಿದೆ ಅಂತ ನನಗೆ ಗೊತ್ತಾಯಿತು.

ಅವರ ಅರಬ್ಬಿ, ನನ್ನ ಗ್ಯಾರೇಜ್ ಅರಬ್ಬಿ. ನಡುವೆ ಮೊಮ್ಮಗಳ ಶಾಲೆಯ ಅರಬ್ಬಿ. ಅವರು ಗಾಡಿಯನ್ನು ಕತ್ತರಿಸುವವರಲ್ಲ. ಮನೆಯ ಶೆಡ್ಡಿನಲ್ಲಿ ಇಂಥವು ಇನ್ನೂ ಇವೆ, ಇದನ್ನೂ ಇಟ್ಟುಕೊಳ್ಳುತ್ತೇನೆ ಅಂದರು. ನನಗೆ ಕಾಲ ಕೆಳಗಿನ ಮರಳು ಗಟ್ಟಿಯಾದಂತಾಯಿತು. ಆಮೇಲೆ ಅಂದರು, ಎಡಗಡೆಯದ್ದನ್ನು ಮಾತ್ರ ಅಮೆರಿಕದಿಂದ ತರಿಸಿ ಹಾಕಿಸುತ್ತೇನೆ, ಆಗ ಎಲ್ಲ ಕಂಪನಿಯದ್ದಾಗುತ್ತದೆ.

ನಾನು ತಲೆಯಾಡಿಸಿದೆ. ಗಾಡಿ ಉಳಿಯಿತಲ್ಲ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳಿಕೊಂಡೆ. ಮೊಮ್ಮಗಳು ಮಾತ್ರ ತಲೆಯಾಡಿಸಲಿಲ್ಲ. ನೆಟ್ಟಗೆ ನಿಂತು ಅವರಿಗೆ ಏನೋ ಹೇಳಿದಳು. ಹಿರಿಯರು ಎದೆಯ ಮೇಲೆ ಕೈಯಿಟ್ಟು ಒಪ್ಪಿದರು. ಏನು ಹೇಳಿದೆ ಮಾರಾಯ್ತಿ ಎಂದು ಕೇಳಿದೆ.

"ತೆಗೆದ್ರೆ ಬಿಸಾಡ್ಬೇಡಿ, ನಮಗೆ ಫೋನ್ ಮಾಡಿ. ಅದು ನಮ್ಮ ಅಜ್ಜಂದು, ನಾವು ತಗೊಂಡು ಹೋಗ್ತೇವೆ ಅಂದೆ."

ಮಾರುವುದು ಅಲ್ಲಿಗೇ ಮುಗಿಯಲಿಲ್ಲ. ಹೆಸರು ಬದಲಾಗಬೇಕಾದರೆ ಗಾಡಿ ಸರಕಾರದ ಪರೀಕ್ಷೆಯಲ್ಲಿ ಪಾಸಾಗಬೇಕು. ಪಾಸಿಂಗ್ ಅನ್ನುತ್ತಾರೆ. ಮೊದಲ ದಿನ ಇಂಡಿಕೇಟರ್ ಕೈಕೊಟ್ಟಿತು, ಎರಡನೇ ದಿನ ಹೊಗೆ ಜಾಸ್ತಿ. ಗೆಳೆಯ ಮೆಕ್ಯಾನಿಕ್ ಬಂದು ಕುಳಿತು ಸರಿಮಾಡಿ, ಮೂರನೇ ಸಲಕ್ಕೆ ಪಾಸು. ಪರೀಕ್ಷೆಗೆ ಕೊಂಡೊಯ್ಯುವ ಆ ಬೆಳಿಗ್ಗೆ ನನ್ನವಳು ಸೀರೆ ಬದಲಾಯಿಸಿ ಬಂದು ಹೇಳದೆ ಕೇಳದೆ ಮುಂದಿನ ಸೀಟಿನಲ್ಲಿ ಕುಳಿತಳು. ಇಳಿಯುವಾಗ, "ಸದ್ದು ಜಾಸ್ತಿ," ಅಂದಳು. ಇಳಿದ ಮೇಲೆ ಸೀಟನ್ನು ಸೆರಗಿನಿಂದ ಒರೆಸಿದ್ದನ್ನು ನಾನು ನೋಡಿದೆ. ಮುಲ್ಕಿಯಾ, ಅಂದರೆ ಗಾಡಿಯ ಕಾರ್ಡು, ಹಿರಿಯರ ಹೆಸರಿಗಾಯಿತು. ನಾವೂ ಅಬುಧಾಬಿಗೆ ಬಂದೆವು.

ಆರೇಳು ತಿಂಗಳ ಮೇಲೆ ಮಗನಿಗೆ ಆ ಹಿರಿಯರ ಫೋನು ಬಂತು. ಅಮೆರಿಕದ ಮಡ್‌ಗಾರ್ಡ್ ಬಂದಿದೆ, ನಿಮ್ಮ ತಂದೆಯನ್ನು ಒಮ್ಮೆ ಕರೆತರಬಹುದೇ ಎಂದು. ತೆಗೆದುಕೊಂಡು ಹೋಗಿ ಎಂದು ಕರೆದಿದ್ದಾರೆ ಅಂತ ತಿಳಿದು, ಮಡ್‌ಗಾರ್ಡಿಗೆ ಸುತ್ತಲಿಕ್ಕೆ ಹಳೇ ಹೊದಿಕೆ ಹಿಡಿದುಕೊಂಡು ನಾನೂ ಮೊಮ್ಮಗಳೂ ಮಗನ ಜೊತೆ ಹೋದೆವು.

ಶೆಡ್ಡಿನಲ್ಲಿ ನನ್ನ ಗಾಡಿ ಮೈ ತೊಳೆದುಕೊಂಡು ನಿಂತಿತ್ತು. ನನ್ನ ಮಡ್‌ಗಾರ್ಡ್ ಕಂಬಳಿಯ ಮೇಲೆ ಮಲಗಿತ್ತು. ಗಾಡಿಯಲ್ಲಿ ಕಪ್ಪು ಬಣ್ಣದ ಹೊಸದು ಅರೆಬರೆ ಕೂತಿತ್ತು. ಇಬ್ಬರು ಮೆಕ್ಯಾನಿಕ್‌ಗಳು ಎರಡು ದಿನದಿಂದ ಜಗ್ಗುತ್ತಿದ್ದರಂತೆ. ಬಾಗಿಲಿನ ಹತ್ತಿರ ಕೆಳಗೆ ನನ್ನ ಬೆರಳು ಹೋಗುವಷ್ಟು ಸಂದು, ಮೇಲೆ ತಗಡಿಗೆ ತಗಡು ಉಜ್ಜುತ್ತಿದೆ. ಪೀಸೇ ಸರಿಯಿಲ್ಲವಾ ಎಂದು ಹಿರಿಯರು ಕೇಳಿದರು.

ಹೌದು ಅಂದಿದ್ದರೆ ಆಗುತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಪಕ್ಕದಲ್ಲಿ ಅವಳು ನಿಂತಿದ್ದಳಲ್ಲ. ನಾನು ನಿಜವನ್ನೇ ಹೇಳಿದೆ, ಅವಳು ಅರಬ್ಬಿಯಲ್ಲಿ ಒಪ್ಪಿಸಿದಳು. ಪೀಸು ಸರಿಯಾಗಿದೆ. ಕಂಬಕ್ಕೆ ಬಡಿದ ಗಾಡಿ ಇದು, ಒಳಗಿನ ಚೌಕಟ್ಟು ಸ್ವಲ್ಪ ತಿರುಚಿಕೊಂಡಿದೆ. ನಾನು ಆ ಸೊಟ್ಟಕ್ಕೆ ಹೊಂದುವ ಹಾಗೆ ನನ್ನದನ್ನು ಬಡಿದಿದ್ದೆ, ಬಾಗಿಲನ್ನೂ ಬಾನೆಟ್ಟನ್ನೂ ಅದಕ್ಕೇ ಕೂರಿಸಿದ್ದೆ. ದೊಡ್ಡ ವರ್ಕ್‌ಶಾಪಿನಲ್ಲಿ ಚೌಕಟ್ಟನ್ನು ಎಳೆದು ನೇರ ಮಾಡಿದರೆ ಅಮೆರಿಕದ್ದು ತಾನಾಗಿ ಕೂರುತ್ತದೆ. ಒಂದು ವಾರದ ಕೆಲಸ.

ಇಷ್ಟು ಹೇಳಿ ನಾನು ಹೊದಿಕೆ ಬಿಡಿಸಿದೆ. ಹಿರಿಯರು ಜಪಮಾಲೆಯ ಮಣಿ ಎಣಿಸುತ್ತಾ ಗಾಡಿಗೆ ಒಂದು ಸುತ್ತು ಬಂದರು, ಕಂಬಳಿಯ ಪಕ್ಕದಲ್ಲಿ ಕುಳಿತರು, ಅವತ್ತಿನ ಹಾಗೇ ಅಂಗೈಯಿಂದ ಸವರಿದರು. ಎದ್ದು ಮೊಮ್ಮಗಳಿಗೆ ಏನೋ ಅಂದರು. ಅವಳ ಮುಖ ಅರಳಿದ್ದು ನೋಡಿಯೇ ನನಗೆ ಅರ್ಧ ತಿಳಿಯಿತು.

"ಅಜ್ಜ, ನಿಮ್ಮದನ್ನೇ ಹಾಕಿ ಅಂತಿದ್ದಾರೆ. ಅಂಥ ಪೀಸುಗಳು ಅಮೆರಿಕದಲ್ಲಿ ಎಷ್ಟೋ ಉಂಟು, ಈ ಗಾಡಿಗೆ ಸರಿಯಾಗುವುದು ಇದೊಂದೇ ಅಂತೆ."

ಆ ಮೆಕ್ಯಾನಿಕ್‌ಗಳನ್ನು ಬದಿಗೆ ಸರಿಸಿ ನಾನೇ ಕೂರಿಸಿದೆ. ಎತ್ತಲಿಕ್ಕೆ ಮಗ, ಸ್ಪಾನರ್ ಕೊಡಲಿಕ್ಕೆ ಮೊಮ್ಮಗಳು. ಎರಡು ದಿನ ಹಟ ಮಾಡಿದ ಗಾಡಿ ನನ್ನದನ್ನು ಒಂದೇ ಸಲಕ್ಕೆ ಒಳಗೆ ತೆಗೆದುಕೊಂಡಿತು. ಬಾಗಿಲು ಮುಚ್ಚಿದಾಗ ಸಂದು ಮೇಲಿಂದ ಕೆಳಗೆ ಒಂದೇ ಸಮ. ಅಮೆರಿಕದ್ದು ಪುನಃ ಪೆಟ್ಟಿಗೆಗೆ ಹೋಯಿತು. ಮಗ ನನ್ನ ಬೆನ್ನಿನ ಮೇಲೆ ಕೈಯಿಟ್ಟು ನಿಂತ. ಅವನು ಹಾಗೆ ಮಾಡುವವನಲ್ಲ.

ಕೊನೆಯ ಬೋಲ್ಟ್ ಬಿಗಿಯುವ ಮೊದಲು ಹಿರಿಯರು ಮೊಮ್ಮಗಳ ಬಾಯಿಂದ ಒಂದು ಮಾತು ಕೇಳಿಸಿದರು: ಇದನ್ನು ಮಾಡಿದವರ ಹೆಸರು ಇದರ ಮೇಲೆ ಯಾಕಿಲ್ಲ? ಡೆಂಟರುಗಳು ಹೆಸರು ಹಾಕುವುದಿಲ್ಲ ಅಂದೆ. ಕಾಣದ ಜಾಗದಲ್ಲಾದರೂ ಹಾಕಿ ಅಂದರು. ಚಕ್ರದ ಮೇಲೆ, ಮಡ್‌ಗಾರ್ಡಿನ ಒಳಮಗ್ಗುಲಲ್ಲಿ, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದು ನನ್ನ ಹೆಸರನ್ನು ಕನ್ನಡದಲ್ಲಿ ಬರೆದೆ. ಐದನೇ ಕ್ಲಾಸಿನ ಅಕ್ಷರ, ಒಂದು ದೊಡ್ಡದು ಒಂದು ಸಣ್ಣದು. ಅದರ ಕೆಳಗೆ ಇನ್ನೊಂದು ಹೆಸರು ಬರೆದೆ. ಕನ್ನಡ ಓದಲು ಬಾರದ ಮೊಮ್ಮಗಳು ತಲೆ ಒಳಗೆ ಹಾಕಿ, ಚುಕ್ಕಿಗಳ ಮೇಲೆ ಬೆರಳಾಡಿಸಿ, "ಅಜ್ಜ, ಇದು ಯಾರು?" ಎಂದು ಕೇಳಿದಳು.

"ಇದನ್ನು ಮಾರಿದವಳು," ಅಂದೆ.

ಅವಳು ಇನ್ನೊಂದು ಸಲ ಬೆರಳಾಡಿಸಿದಳು, ಈ ಸಲ ನಿಧಾನವಾಗಿ, ಒಂದೊಂದೇ ಅಕ್ಷರ.