ಮೈಕ್ ಗಜಣ್ಣ ಮತ್ತು ಬಾಗಿಲು ಹಾಕಿದ ಸಭೆಗಳು

ಎಲ್ಲಿ ಯಾವ ಸಭೆ ನಡೆದ ಸುದ್ದಿ ಬಂದರೂ ಗಜಣ್ಣ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೈಕ್ ಇತ್ತ?" ದಿಲ್ಲಿಯಲ್ಲಿ ಮಂತ್ರಿಗಳು ಸೇರಿದ್ದಿರಲಿ, ಸೊಸೈಟಿಯ ಆಡಳಿತ ಮಂಡಳಿ ಕೂತದ್ದಿರಲಿ, ಮದುವೆಗೆ ಮೊದಲು ಎರಡು ಮನೆಯವರು ಮಾತಾಡಿದ್ದೇ ಇರಲಿ. ಇತ್ತು ಎಂದರೆ ಅವರಿಗೆ ಆ ಸಭೆಯ ಮೇಲಿನ ಆಸಕ್ತಿ ಹೋಗಿಬಿಡುತ್ತಿತ್ತು. ಇರಲಿಲ್ಲ ಎಂದರೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಶಿರಸಿಯಲ್ಲಿ ಅವರ ಮೈಕ್ ಸೆಟ್ಟಿನ ಅಂಗಡಿ ಇತ್ತು. ಹುಲಗೋಳ ಕಡೆಯವರು, ಚಿಕ್ಕಂದಿನಲ್ಲೇ ಪೇಟೆಗೆ ಬಂದವರು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅವರ ಮೈಕ್ ಇಲ್ಲದೆ ಸಭೆ ನಡೆಯುವುದು ಕಡಿಮೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ ಸಂಜೆಯ ಕಾರ್ಯಕ್ರಮಗಳಿಗೆ ನಿರೂಪಣೆಗೆ ಹೋಗುತ್ತಿದ್ದೆನಾದ್ದರಿಂದ ವಾರಕ್ಕೊಮ್ಮೆಯಾದರೂ ಅವರ ಮುಖ ನೋಡುವುದು ಇದ್ದೇ ಇತ್ತು. ನನ್ನ ಮಾತು ಉದ್ದವಾಯಿತು ಅನಿಸಿದರೆ ವೇದಿಕೆಯ ಪಕ್ಕದಲ್ಲಿ ನಿಂತು ಕೈಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಮಾತು ಮುಗಿಸುತ್ತಿದ್ದೆ.

ಅವರ ದನಿ ಗೊತ್ತಿಲ್ಲದವರು ಈ ಕಡೆ ಯಾರೂ ಇರಲಿಲ್ಲ. ಆಟೋದ ಮೇಲೆ ಹಾರ್ನ್ ಕಟ್ಟಿಕೊಂಡು ನೀರು ಬಿಡುವುದಿಲ್ಲ, ಕರೆಂಟು ಇರುವುದಿಲ್ಲ, ಕಣ್ಣಿನ ತಪಾಸಣೆ ಶಿಬಿರ ಇದೆ, ನಾಟಕ ಇದೆ ಎಂದು ಅವರು ಕೂಗಿ ಹೇಳಿದ್ದನ್ನು ಕೇಳಿಯೇ ಎರಡು ತಲೆಮಾರು ದೊಡ್ಡದಾಗಿತ್ತು. ಸುಮ್ಮನೆ ಯಾರೋ ಹೇಳಿದ್ದನ್ನು ಅವರು ಕೂಗುತ್ತಿರಲಿಲ್ಲ. ಒಮ್ಮೆ ಒಬ್ಬ ಹಸು ಕಳೆದಿದೆ ಎಂದು ಅಂಗಡಿಗೆ ಓಡಿ ಬಂದ. ಗಜಣ್ಣ ಬಣ್ಣ ಕೇಳಿದರು, ಕೋಡು ಕೇಳಿದರು, ಕೊನೆಗೆ "ಕೊಟ್ಟಿಗೆ ಹಿಂದ್ಗಡೆ ನೋಡಿದ್ಯ?" ಎಂದು ಕೇಳಿದರು. ಅವನು ಸಿಟ್ಟುಮಾಡಿಕೊಂಡು ಮನೆಗೆ ಹೋದ. ಹಸು ಕೊಟ್ಟಿಗೆಯ ಹಿಂದೆ ಮಲಗಿತ್ತಂತೆ. ಇಂಥ ಕತೆಗಳಿಂದಾಗಿ ಗಜಣ್ಣ ಹೇಳಿದರು ಎಂದರೆ ಜನ ಎರಡನೇ ಮಾತು ಆಡುತ್ತಿರಲಿಲ್ಲ.

ಮೈಕ್ ಇಲ್ಲದ ಸಭೆಗಳ ಮೇಲಿನ ಅವರ ಅನುಮಾನಕ್ಕೂ ಒಂದು ಕಾರಣ ಇತ್ತು. ಸಿದ್ದಾಪುರದಲ್ಲಿ ಒಂದು ಸಭೆಯಲ್ಲಿ ಮುಖಂಡರೊಬ್ಬರು ಆಸ್ಪತ್ರೆ ತರುತ್ತೇನೆಂದು ಎದೆ ಮುಟ್ಟಿಕೊಂಡು ಹೇಳಿ ಚಪ್ಪಾಳೆ ತೆಗೆದುಕೊಂಡರು. ಆಮೇಲೆ ವೇದಿಕೆಯ ಹಿಂದೆ, ವೈರು ಸುತ್ತುತ್ತಿದ್ದ ಗಜಣ್ಣನ ಎದುರಿಗೇ, ಜೊತೆಯವರಿಗೆ "ಅದೆಲ್ಲ ಆಗೋ ಮಾತಾ ಮಾರಾಯ" ಎಂದು ನಕ್ಕರು. ಮೈಕಿನವನು ಎಂದರೆ ಅವರ ಲೆಕ್ಕದಲ್ಲಿ ಕಂಬ ಇದ್ದ ಹಾಗೆ. "ಮೈಕ್ ಹಾಕಿ ಮಾತಾಡುದೆಲ್ಲ ನಮ್ಗೆ ಕೇಳ್ಸಲೆ ಇಪ್ಪದು ತಂಗಿ. ಖರೆ ಮಾತು ಶುರುವಾಪ್ದು ಆನು ಸ್ವಿಚ್ ಬಂದ್ ಮಾಡಿದ್ಮೇಲೆ" ಎಂದು ಆಮೇಲೆ ನನಗೆ ಹೇಳಿದ್ದರು.

ಮಗಳು ಒಳ್ಳೆಯ ಫೋನು ತಂದುಕೊಟ್ಟ ಮೇಲೆ ಈ ಅನುಮಾನಕ್ಕೆ ಇಡೀ ಜಗತ್ತೇ ಸಿಕ್ಕಿತು. ಎಲ್ಲೋ ಹಿಮದ ಗುಡ್ಡದ ಊರಿನಲ್ಲಿ ದೊಡ್ಡ ದೇಶಗಳ ಮುಖಂಡರೂ ಫೋನು ಕಂಪ್ಯೂಟರ್ ಕಂಪನಿಗಳ ಧಣಿಗಳೂ ಸೇರುತ್ತಾರೆ, ನಮ್ಮ ಊಟ, ನೆಲ, ಮಾತು ಎಲ್ಲವನ್ನೂ ಅಲ್ಲೇ ಹಂಚಿಕೊಳ್ಳುತ್ತಾರೆ ಎನ್ನುವ ವಿಡಿಯೋಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಹಿಂದಿನಿಂದ ಭಯ ಹುಟ್ಟಿಸುವ ಸಂಗೀತ, ಕೆಂಪು ಬಾಣದ ಗುರುತು. ಅಂಗಡಿಗೆ ಬಂದವರಿಗೆಲ್ಲ ಗಜಣ್ಣ ಅದನ್ನು ತೋರಿಸುತ್ತಿದ್ದರು.

"ಸೇರುದು ತಪ್ಪಲ್ಲ. ಬಾಗ್ಲು ಎಂತಕ್ಕೆ ಹಾಕ್ಯಳವು?" ಎಂದು ನನ್ನನ್ನು ಕೇಳಿದರು.

"ಕ್ಲಾಸಿನ ಬಾಗ್ಲು ಆನೂ ಹಾಕ್ತೆ ಗಜಣ್ಣ, ಮಕ್ಕ ಓಡೋಗ್ತ ಹೇಳಿ" ಅಂದೆ.

"ಅದೇ ಮತ್ತೆ! ಅವ್ರಲ್ಲಿ ಯಾರು ಓಡೋಗ್ತ ಹೇಳಿ ಹಾಕಿದ್ದು?"

ಅವರು ಗೆದ್ದವರ ಹಾಗೆ ಚಾ ತರಿಸಿದರು.

ಇದೆಲ್ಲ ನಗುವಿನ ವಿಷಯವಾಗಿಯೇ ಇರುತ್ತಿತ್ತೇನೋ. ಆದರೆ ಒಂದು ಸಲ ವಜ್ರಳ್ಳಿ ಕಡೆಯ ಕಾಡಿನ ಹೋಂಸ್ಟೇ ಒಂದರಿಂದ ಅವರಿಗೆ ಫೋನು ಬಂತು. ಶಾಮಿಯಾನ ಬೇಕು, ಕುರ್ಚಿ ಬೇಕು, ಮೈಕ್ ಮಾತ್ರ ಬೇಡ. "ಸಣ್ಣ ಸ್ಪೀಕರೂ ಬೇಡ್ದ?" ಎಂದು ಇವರು ಕೇಳಿದರೆ ಆ ಕಡೆಯವರು "ಸದ್ದೇ ಇರಬಾರದು" ಅಂದರಂತೆ. ಗಜಣ್ಣ ತಾವೇ ಕುರ್ಚಿ ತೆಗೆದುಕೊಂಡು ಹೋದರು. ಗೇಟಿನ ಬಳಿ ಗಾಡಿಗಳು ನಿಂತಿದ್ದವು. ಇಳಿದವರಲ್ಲಿ ವಿದೇಶದವರೂ ಇದ್ದರು. ಪ್ರತಿಯೊಬ್ಬರೂ ತಮ್ಮ ಫೋನನ್ನು ಒಂದು ಬುಟ್ಟಿಯಲ್ಲಿ ಹಾಕಿ ಒಳಗೆ ಹೋದರು. ಕುರ್ಚಿ ಇಳಿಸಿದ ಮೇಲೆ ಇವರನ್ನು ಹೊರಗೆ ಕಳಿಸಿ ಗೇಟು ಹಾಕಿದರು.

ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರ ಫೋನಿನಿಂದ ಅವರ ದನಿ ಕೇಳಿಸಿತು. ಪ್ರಚಾರಕ್ಕೆ ಬಳಸುವ ಅದೇ ಗಟ್ಟಿ ದನಿ.

"ಬಂಧುಗಳೇ, ಗಮನಿಸಿ. ಮೈಕ್ ಗಜಣ್ಣ ಮಾತಾಡುತ್ತಿದ್ದೇನೆ. ಹಿಮದ ಗುಡ್ಡದಲ್ಲಿ ಸೇರುತ್ತಿದ್ದವರು ಈಗ ನಮ್ಮ ವಜ್ರಳ್ಳಿ ಕಾಡಿಗೆ ಬಂದು ಸೇರಿದ್ದಾರೆ. ನಮ್ಮ ಹೊಳೆ, ನಮ್ಮ ಕಾಡು ಯಾರ ಕೈಗೆ ಹೋಗಬೇಕು ಎನ್ನುವುದು ಬಾಗಿಲ ಹಿಂದೆ ತೀರ್ಮಾನವಾಗುತ್ತಿದೆ. ಕಣ್ಣಾರೆ ನೋಡಿ ಬಂದು ಹೇಳುತ್ತಿದ್ದೇನೆ."

ಮಧ್ಯಾಹ್ನದ ಹೊತ್ತಿಗೆ ಅದು ನನ್ನ ಫೋನಿಗೇ ಐದಾರು ಕಡೆಯಿಂದ ಬಂತು. ಹೊಳೆಯನ್ನು ಬೇರೆ ಕಡೆ ತಿರುಗಿಸುತ್ತಾರೆ ಎನ್ನುವ ಆತಂಕ ನಮ್ಮಲ್ಲಿ ಮೊದಲಿನಿಂದಲೂ ಇದ್ದದ್ದೇ. ಆ ಸಿಟ್ಟು ಸುಳ್ಳಾಗಿರಲಿಲ್ಲ. ಅದಕ್ಕೆ ಈ ದನಿ ಸೇರಿದ್ದೇ ಸಾಕಾಯಿತು. ಎರಡು ದಿನ ಬಿಟ್ಟು, ಅತಿಥಿಗಳು ಹಿಂತಿರುಗುವ ಹೊತ್ತಿಗೆ ಮಣ್ಣುರಸ್ತೆ ಡಾಂಬರು ರಸ್ತೆಗೆ ಸೇರುವಲ್ಲಿ ಜನ ಅಡ್ಡ ನಿಂತಿದ್ದರು. ಕೂಗಾಟ ಜೋರಾಯಿತು. ಯಾರೋ ಕಲ್ಲು ಎಸೆದರು. ಅದು ಮುಂದಿನ ಟೆಂಪೋದ ಗಾಜು ಒಡೆದು ಒಳಗೆ ಬಿತ್ತು. ಗಾಜಿನ ಚೂರು ಹೊಕ್ಕಿದ್ದು ಡ್ರೈವರ್ ನಾಗೇಶನ ಎಡಗಣ್ಣಿಗೆ. ಅವನು ಕಿರವತ್ತಿಯವನು. ಅಡ್ಡ ನಿಂತವರಲ್ಲಿ ಅರ್ಧ ಜನ ಅವನ ಪರಿಚಯದವರು.

ಒಳಗೆ ನಡೆದದ್ದು ಏನೆಂದು ಆಮೇಲೆ ಪತ್ರಿಕೆಯಲ್ಲಿ ಬಂತು. ಫೋನಿನ ಆ್ಯಪ್ ತಯಾರಿಸುವ ಒಂದು ಕಂಪನಿಯ ದೊಡ್ಡ ಹುದ್ದೆಯವರು ಅವರು. ಫೋನು ಮುಟ್ಟದೆ, ಯಾರೊಡನೆಯೂ ಮಾತಾಡದೆ ಕೂರುವ ಶಿಬಿರ. ಒಳಗೆ ಇದ್ದಷ್ಟು ಹೊತ್ತು ಅವರು ತೀರ್ಮಾನ ಮಾಡುವುದಿರಲಿ, ಒಂದು ಮಾತನ್ನೂ ಆಡಿರಲಿಲ್ಲ.

ಗಜಣ್ಣ ಅಂಗಡಿ ಬಾಗಿಲು ಹಾಕಿ ನಮ್ಮ ಮನೆಗೆ ಬಂದರು. ಹೊರಗಿನ ಕಟ್ಟೆಯ ಮೇಲೆಯೇ ಕೂತರು, ಒಳಗೆ ಬರಲಿಲ್ಲ.

"ಬಾಗ್ಲು ನೋಡಿದ್ದು ಖರೆ ತಂಗಿ. ಒಳಗೆ ಎಂತ ಇತ್ತು ಹೇಳಿ ನೋಡಿದ್ನಿಲ್ಲೆ. ಕಣ್ಣಾರೆ ಹೇಳಿ ಬಾಯಿಗೆ ಬಂದೋತು." ಕೂತಲ್ಲಿಂದ ಎದ್ದು, "ನಾಗೇಶನ್ನ ನೋಡಲೆ ಹುಬ್ಬಳ್ಳಿ ಆಸ್ಪತ್ರೆಗೆ ಹೋಗವು. ಒಬ್ನೇ ಹೋಪಲೆ ಧೈರ್ಯ ಇಲ್ಲೆ" ಅಂದರು.

ಇಬ್ಬರೂ ಹೋದೆವು. ನಾಗೇಶ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಗಜಣ್ಣ ನರ್ಸ್ ಹತ್ತಿರ ಏನೋ ಕೇಳಿದ್ದು ಕಿವಿಗೆ ಬಿದ್ದದ್ದೇ ಅವನು ಈ ಕಡೆ ತಿರುಗಿದ.

"ನೀವು ಮೈಕ್ ಗಜಣ್ಣ ಅಲ್ರೀ? ದನಿ ಗುರ್ತ ಹತ್ತಿತ್ರಿ."

ಗಜಣ್ಣ ಕೈಮುಗಿದು ನಿಂತರು.

ನಾಗೇಶನೇ ಮುಂದುವರಿಸಿದ: "ಅವತ್ತ ಮುಂಜಾನೆ ಗಾಡಿ ಚಾಲೂ ಮಾಡೂ ಮುಂದ ನಿಮ್ಮ ಮೆಸೇಜು ನಾನೂ ಗ್ರೂಪಿಗೆ ಕಳಸಿದ್ನಿರಿ."

"ನೀನಾ? ಅವ್ರನ್ನ ಕರ್ಕೊಂಡು ಬಂದೋನು ನೀನೇ ಅಲ್ವನೋ? ಅವರು ಯಾರು ಅಂತ ನಿಂಗೆ ಗೊತ್ತಿತ್ತಲ್ಲ?" ಎಂದು ಗಜಣ್ಣ ಕೇಳಿದರು.

"ಬರೂ ಮುಂದ ಗಾಡ್ಯಾಗ ಒಂದಿಬ್ರು ವಾಂತಿ ಮಾಡ್ಕೊಂಡ್ರು, ಪಾಪ. ಒಳ್ಳೇ ಮಂದಿ ಅನಿಸಿದ್ರು. ಆದ್ರ ಗಜಣ್ಣ ಹೇಳ್ಯಾರಂದ್ರ ಸುಳ್ಳ ಇರ್ತೈತೇನ್ ಅಂತ..."

ಗಜಣ್ಣ ಮಂಚದ ಅಂಚಿನ ಮೇಲೆ ಕೂತುಬಿಟ್ಟರು. ಆ ಕಣ್ಣಿಗೆ ಮತ್ತೆ ದೃಷ್ಟಿ ಬರಲಿಲ್ಲ.

ಪೊಲೀಸರ ಎದುರು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಂತರ ತಮ್ಮ ದನಿಯಲ್ಲೇ ಇನ್ನೊಂದು ಮೆಸೇಜು ಮಾಡಿದರು: ನಾನು ಹೇಳಿದ್ದು ತಪ್ಪು, ನಾನು ನೋಡಿರಲಿಲ್ಲ, ಒಬ್ಬನ ಕಣ್ಣು ಹೋಗಿದೆ, ದಯವಿಟ್ಟು ಮೊದಲಿನದನ್ನು ಅಳಿಸಿ. ಇದು ಮೊದಲಿನದರಷ್ಟು ಓಡಲಿಲ್ಲ. ಓಡಿದ ಕಡೆ ಜನ ಬೇರೆಯದೇ ಅರ್ಥ ಹಚ್ಚಿದರು: ಈಗ ಯಾರ ದನಿಯನ್ನು ಬೇಕಾದರೂ ಕಂಪ್ಯೂಟರಿನಲ್ಲಿ ಮಾಡಬಹುದು, ಇದು ಗಜಣ್ಣನ ದನಿಯೇ ಅಲ್ಲ, ಆ ಕಂಪನಿಯವರೇ ಮಾಡಿಸಿದ್ದು.

ಗಜಣ್ಣ ಆಟೋಗೆ ಹಾರ್ನ್ ಕಟ್ಟಿಸಿ, ಪರವಾನಗಿ ಪಡೆದು, ಯಲ್ಲಾಪುರದ ಸಂತೆಯಲ್ಲಿ ನಿಂತು ಅದನ್ನೇ ಹೇಳಿದರು. ವಜ್ರಳ್ಳಿಗೂ ಕಿರವತ್ತಿಗೂ ಹೋದರು. ಯಲ್ಲಾಪುರದಲ್ಲಿ ನಾನೂ ಇದ್ದೆ. ಜನ ತರಕಾರಿ ಚೀಲ ಹಿಡಿದುಕೊಂಡು ನಿಂತು ಕೇಳಿದರು. ಮಾತು ಮುಗಿದ ಮೇಲೆ ಪರಿಚಯದ ಒಬ್ಬರು ಹತ್ತಿರ ಬಂದು ಅವರ ಹೆಗಲು ಒತ್ತಿ, ದನಿ ತಗ್ಗಿಸಿ, "ಗೊತ್ತಾತು ಬಿಡು ಗಜಣ್ಣ. ನಿಂಗೆ ಖರೆ ಹೇಳಲೆ ಆಗ್ತಿಲ್ಲೆ ಹೇಳಿ ನಮ್ಗೆಲ್ಲ ಗೊತ್ತಿದ್ದು" ಅಂದರು.

"ಯಾರೂ ಹೆದ್ರಿಸಿದ್ವಿಲ್ಲೆ ಮಾರಾಯ! ಆನೇ ಹೇಳ್ತಾ ಇದ್ದೆ!" ಎಂದು ಗಜಣ್ಣ ಕೂಗಿದರು. ಹಾಗೆ ಕೂಗಿದ್ದನ್ನು ಯಾರೋ ವಿಡಿಯೋ ಮಾಡಿದರು. ಪಾಪ, ಎಷ್ಟು ಹೆದರಿದ್ದಾರೆ ನೋಡಿ ಎನ್ನುವ ಮಾತಿನೊಂದಿಗೆ ಅದು ಸಂಜೆ ನಮಗೆಲ್ಲ ಬಂತು.

ಅಲ್ಲಿಗೆ ಅವರು ಎಲ್ಲರಿಗೂ ಒಟ್ಟಿಗೆ ಹೇಳುವುದನ್ನು ಬಿಟ್ಟರು. ಒಬ್ಬೊಬ್ಬರ ಹತ್ತಿರವೇ ಹೋಗತೊಡಗಿದರು. ಶಾಮಿಯಾನ ಹಾಕಲು ಹೋದ ಊರಿನಲ್ಲಿ ಕೆಲಸ ಮುಗಿಸಿ ಯಾರದಾದರೂ ಜಗಲಿಯಲ್ಲಿ ಕೂತು ಇಡೀ ಕತೆ ಹೇಳುತ್ತಿದ್ದರು. ಈಗ ಅವರ ಜೊತೆ ನಾಗೇಶನೂ ಇರುತ್ತಿದ್ದ. ಟೆಂಪೋ ಓಡಿಸುವುದು ನಿಂತುಹೋಗಿತ್ತು. ಗಜಣ್ಣ ಅವನಿಗೆ ಮೈಕಿನ ಕೆಲಸ ಕಲಿಸಿದರು. ನಾಗೇಶನ ಹೆಂಡತಿಗೆ ಅದು ಸರಿಬರಲಿಲ್ಲ. ಗಜಣ್ಣ ಬಾಗಿಲಿಗೆ ಬಂದರೆ ಒಳಗೆ ಹೋಗಿಬಿಡುತ್ತಿದ್ದಳು. ಅವಳು ಅವರೊಡನೆ ಕೊನೆಯವರೆಗೂ ಮಾತಾಡಲೇ ಇಲ್ಲ ಎಂದು ಕೇಳಿದ್ದೇನೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ. ನಾಗೇಶನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಹೊರಟಿದ್ದರು. ಅವನ ಎಡಕ್ಕೆ ನಿಂತು, ಆ ಕಡೆಯಿಂದ ಬರುವ ಜನರನ್ನು ಕೈಯಿಂದ ಸರಿಸುತ್ತಿದ್ದರು. ಈಗಲೂ ಆ ಹಿಮದ ಗುಡ್ಡದ ವಿಡಿಯೋ ನೋಡುತ್ತೀರಾ ಎಂದು ಕೇಳಿದೆ.

"ನೋಡ್ತೆ" ಅಂದರು. "ಅವೆಲ್ಲ ಸೇರ್ಕಂಡು ಎಂತೋ ಮಾಡ್ತ, ಅದಂತೂ ಹೌದು. ಎಂತ ಹೇಳಿ ಮಾತ್ರ ನಂಗೆ ಗೊತ್ತಿಲ್ಲೆ."

ನಾಗೇಶ ನಕ್ಕ. ಬಸ್ಸು ಬಂತು, ಹೋದರು.

ಮಳೆಗಾಲ ಕಳೆದು ಸ್ವಲ್ಪ ದಿನಕ್ಕೆ ಗಜಣ್ಣ ತೀರಿಕೊಂಡರು. ಅಂಗಡಿಯಲ್ಲಿ ಕೂತು ಚಾ ಕುಡಿಯುತ್ತಿದ್ದವರು ಹಾಗೇ ಒರಗಿದರಂತೆ. ಪಕ್ಕದಲ್ಲಿದ್ದವನು ನಾಗೇಶ. ಸುದ್ದಿ ಗ್ರೂಪಿಗೆ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೆ ಸಿದ್ದಾಪುರದ ಒಬ್ಬರು ಬರೆದಿದ್ದರು: "ಇದು ಸಹಜ ಸಾವೇ? ಅವರಿಗೆ ತುಂಬಾ ವಿಷಯ ಗೊತ್ತಿತ್ತು."

"ನಾನು ಪಕ್ಕದಲ್ಲೇ ಇದ್ದೆ" ಎಂದು ನಾಗೇಶ ಉತ್ತರ ಬರೆದ. "ಹೀಗೆ ಬರೆಯಲು ನಿಮಗೆ ಹೇಳಿದವರು ಯಾರು?" ಎಂದು ಅಲ್ಲಿಂದ ಬಂತು.

ನಾಗೇಶ ನನಗೆ ಫೋನು ಮಾಡಿದ. "ಏನ್ ಬರೀಲ್ರಿ ಅಕ್ಕಾರ?"

"ಏನೂ ಬರೀಬೇಡ" ಅಂದೆ.

ಮರುದಿನ ಬೆಳಿಗ್ಗೆ ಅವನು ಬಸ್ಸು ಹತ್ತಿ ಸಿದ್ದಾಪುರಕ್ಕೆ ಹೋದ. ಆ ಮನುಷ್ಯನ ಮನೆ ಹುಡುಕಿ, ಜಗಲಿಯಲ್ಲಿ ಕೂತು, ಗಜಣ್ಣ ಹೇಗೆ ತೀರಿಕೊಂಡರು ಎನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವರು ನಂಬಿದರೇ ಎಂದು ಸಂಜೆ ನಾನು ಕೇಳಿದೆ.

"ಗೊತ್ತಿಲ್ರಿ" ಅಂದ. "ಸುಮ್ನ ಕುಂತು ಎಲ್ಲಾ ಕೇಳಿದ್ರು. ಆಮ್ಯಾಲ ಊಟಾ ಮಾಡಿ ಹೋಗು ಅಂತ ಎಲಿ ಹಾಕಿಸಿದ್ರು. ಉಂಡು ಬಂದೆ."